ಮಾತ್ರೆ ಬಿಟ್ಟು ಬೆಳ್ಳುಳ್ಳಿ ಹಿಡಿದವರಿಗೆ

ಇಂದು ಬೆಳಿಗ್ಗೆ ಕುಂದುವಾಡ ಕೆರೆಯ ಏರಿಯ ಮೇಲೆ, ನನ್ನೊಡನೆ ದಿನವೂ ವಾಕಿಂಗ್‌ಗೆ ಬರುವ ಹಿರಿಯರೊಬ್ಬರು "ಮೇಷ್ಟ್ರೇ, ಬಿಪಿ ಮಾತ್ರೆ ಬಿಟ್ಟು ತಿಂಗಳಾತು ನೋಡ್ರಿ. ದಿನಾ ಎರಡು ಎಸಳು ಬೆಳ್ಳುಳ್ಳಿ ನುಂಗ್ತೀನಿ, ಅದರಾಗಿನ ಗ್ಯಾಸಿಗೆ ರಕ್ತನಾಳ ಸಡಿಲ ಆಗ್ತಾವಂತೆ" ಎಂದು ಮೊಬೈಲ್ ತೋರಿಸಿದರು. ಅಲ್ಲಿ ಹೈಡ್ರೋಜನ್ ಸಲ್ಫೈಡ್‌ನ ಹೆಸರಿತ್ತು. ಪಿಯು ಪ್ರಯೋಗಾಲಯದ ಕಿಪ್ ಉಪಕರಣದಿಂದ ಬರುವ ಆ ಕೊಳೆತ ಮೊಟ್ಟೆಯ ವಾಸನೆಯಲ್ಲೇ ಅರ್ಧ ಆಯುಷ್ಯ ಕಳೆದ ನನಗೆ ಆ ಸಂದೇಶ ಓದಿ ಸಿಟ್ಟು ಬಂದದ್ದು ಅದು ಪೂರ್ತಿ ಸುಳ್ಳೆಂದಲ್ಲ, ಅರ್ಧ ನಿಜವೆಂದು.

ನಿಜವಾದ ಅರ್ಧ ಸೊಗಸಾಗಿಯೇ ಇದೆ. ಮ್ಯಾನ್‌ಹೋಲಿಗೆ ಇಳಿದವರ ಪ್ರಾಣ ತೆಗೆಯುವ ಇದೇ ಅನಿಲವನ್ನು ನಮ್ಮ ರಕ್ತನಾಳದ ಗೋಡೆಯೇ ಸಿಸ್ಟೀನ್ ಎಂಬ ಅಮೈನೋ ಆಮ್ಲದಿಂದ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುತ್ತದೆ. ಅದು ನಾಳದ ನಯವಾದ ಸ್ನಾಯುಕೋಶಗಳಲ್ಲಿ ಪೊಟ್ಯಾಸಿಯಂ ಹೊರಹೋಗುವ ದ್ವಾರಗಳನ್ನು ತೆರೆಯುತ್ತದೆ. ಪೊಟ್ಯಾಸಿಯಂ ಹೊರಬಿದ್ದಂತೆ ಕೋಶದ ಒಳಗೆ ಋಣ ವಿದ್ಯುದಂಶ ಹೆಚ್ಚಿ, ಕ್ಯಾಲ್ಸಿಯಂ ಒಳಬರುವ ದಾರಿ ಮುಚ್ಚುತ್ತದೆ. ಕ್ಯಾಲ್ಸಿಯಂ ಕಡಿಮೆಯಾದ ಸ್ನಾಯು ಬಿಗಿತ ಬಿಟ್ಟು ಸಡಿಲವಾಗುತ್ತದೆ. ಈ ಅನಿಲವನ್ನು ತಯಾರಿಸುವ ಒಂದು ಕಿಣ್ವವಿಲ್ಲದ ಇಲಿಗಳಿಗೆ ರಕ್ತದೊತ್ತಡ ಏರಿದ್ದು 2008ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 2007ರಲ್ಲಿ, ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳಿಂದ ಮನುಷ್ಯನ ಕೆಂಪು ರಕ್ತಕಣಗಳು ಈ ಅನಿಲವನ್ನು ಬಿಡುಗಡೆ ಮಾಡುತ್ತವೆ ಎಂಬುದೂ ತಿಳಿದಿತ್ತು.

ಆದರೆ ಈ ಅನಿಲವನ್ನು ಬಿಡುಗಡೆ ಮಾಡುವ ಸಂಯುಕ್ತಗಳ ಪರೀಕ್ಷೆ ಬಹುಪಾಲು ನಡೆದದ್ದು ಇಲಿಯ ಮಹಾಪಧಮನಿಯ ಸಣ್ಣ ಉಂಗುರವನ್ನು ಲವಣದ ದ್ರಾವಣದಲ್ಲಿ ತೂಗುಹಾಕಿ, ಅದರ ಎಳೆತವನ್ನು ಅಳೆದು. ಅವುಗಳಲ್ಲೊಂದಾದ ಸೋಡಿಯಂ ಹೈಡ್ರೋಸಲ್ಫೈಡ್ ತನ್ನ ಅನಿಲವನ್ನು ಒಮ್ಮೆಲೇ ಬಿಟ್ಟುಬಿಡುತ್ತದೆ. ನಿಧಾನವಾಗಿ ಬಿಡಲೆಂದೇ ಜಿವೈವೈ4137 ಎಂಬಂಥ ಸಂಯುಕ್ತಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಎಷ್ಟು ಅನಿಲ, ಎಷ್ಟು ಹೊತ್ತು ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆಯಾಗಿರುವಾಗ, ನುಂಗಿದ ಎಸಳಿಗೆ ಯಾವ ಅಳತೆಯಿದೆ? ಬೆಳ್ಳುಳ್ಳಿಯಲ್ಲಿ ಅಲಿಯಿನ್ ಎಂಬ ಗಂಧಕದ ಸಂಯುಕ್ತ ಮತ್ತು ಅದನ್ನು ಘಾಟು ವಾಸನೆಯ ಅಲಿಸಿನ್ ಆಗಿಸುವ ಕಿಣ್ವ ಬೇರೆಬೇರೆ ಜಾಗದಲ್ಲಿರುತ್ತವೆ, ಜಜ್ಜಿದಾಗ ಇಲ್ಲವೇ ಅಗಿದಾಗ ಕೂಡುತ್ತವೆ. ಇಡಿಯಾಗಿ ನುಂಗಿದರೆ ಆ ಕಿಣ್ವವನ್ನು ಜಠರದ ಆಮ್ಲವೇ ಕೆಡಿಸುತ್ತದೆ. ಆ ಸಂದೇಶ ಇದ್ಯಾವುದನ್ನೂ ಹೇಳದೆ "ಮಾತ್ರೆ ಬಿಡಿ" ಎಂದಷ್ಟೇ ಹೇಳಿತ್ತು!

ಬೆಳ್ಳುಳ್ಳಿ ಸಾರದಿಂದ ರಕ್ತದೊತ್ತಡ ಸ್ವಲ್ಪ ಇಳಿದ ಪರೀಕ್ಷೆಗಳು ಮನುಷ್ಯರಲ್ಲೂ ಆಗಿವೆ ಎಂದು ಸ್ನೇಹಿತರು ಕೆಳಗೆ ಬರೆಯಬಹುದು. ಆಗಿವೆ, ಒಪ್ಪುತ್ತೇನೆ. ಅಲ್ಲಿ ಕೊಟ್ಟದ್ದು ಅಳತೆ ಮಾಡಿದ ಗುಳಿಗೆ, ನೋಡಿಕೊಳ್ಳಲು ವೈದ್ಯರಿದ್ದರು. ನಡೆಯುತ್ತಿರುವ ಔಷಧವನ್ನು ತಾವೇ ನಿಲ್ಲಿಸಲು ಅದು ಅಪ್ಪಣೆಯಲ್ಲ.

ಇಷ್ಟು ಬಿರುಸಾಗಿ ಬರೆಯಲು ಕಾರಣ ನಮ್ಮವ್ವ. ಅವಳೂ ಹೀಗೆಯೇ ಮಾತ್ರೆ ಬಿಟ್ಟಾಗ, ಬೆಳ್ಳುಳ್ಳಿಯಿಂದ ಏನು ಕೇಡಾದೀತು ಎಂದು ನಾನು ಸುಮ್ಮನಿದ್ದೆ. ಒಂದು ರಾತ್ರಿ ಅವಳ ಬಲಗೈಯೂ ಮಾತೂ ಒಟ್ಟಿಗೆ ಹೋದವು. ರಸಾಯನಶಾಸ್ತ್ರ ಕಲಿಸುವ ಮಗ ಮನೆಯಲ್ಲೇ ಇದ್ದ.

ಆ ಹಿರಿಯರನ್ನು ಮನೆಯವರೆಗೆ ಬಿಟ್ಟು, ಅವರ ಹಳೆಯ ಔಷಧ ಚೀಟಿಯನ್ನು ಕೇಳಿ ಪಡೆದು ಬಂದಿದ್ದೇನೆ. ಸಂಜೆ ಐದಕ್ಕೆ ಅವರನ್ನು ಕರೆದುಕೊಂಡು ವೈದ್ಯರ ಬಳಿ ಹೋಗುತ್ತಿದ್ದೇನೆ.