ಡಾಕ್ಟರ್ ಆಗೋ ಆಸೆ ಇರೋರಿಗೆ ಪಿಯುಸಿಯಲ್ಲಿ ಗಣಿತ ಬೇಕಾ, ಬೇಡ್ವಾ?

ಪರ: ಪಿಸಿಎಂಬಿನೇ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ತಗೊಳ್ಳಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಎಷ್ಟೋ ಮನೆಗಳಲ್ಲಿ ಇದೇ ಮಾತು. ಮಗಳಿಗೆ ಎಂಬಿಬಿಎಸ್ ಬೇಕು, ಅದರ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಗಣಿತ ಇಲ್ಲ, ಮತ್ತೆ ಅದನ್ನು ಯಾಕೆ ಓದಬೇಕು? ಕೇಳೋಕೆ ಸರಿಯಾಗೇ ಇದೆ. ಆದರೆ ಲೆಕ್ಕ ಹಾಕಿ ನೋಡಿ. ದೇಶದಲ್ಲಿ ವರ್ಷಕ್ಕೆ 20 ಲಕ್ಷಕ್ಕೂ ಜಾಸ್ತಿ ಮಕ್ಕಳು ನೀಟ್ ಬರೆಯುತ್ತಾರೆ. ಎಂಬಿಬಿಎಸ್ ಸೀಟು ಖಾಸಗಿ ಕಾಲೇಜುಗಳನ್ನೂ ಸೇರಿಸಿದರೆ ಒಂದು ಲಕ್ಷ ಚಿಲ್ಲರೆ. ಅಂದರೆ ಹೆಚ್ಚಿನವರಿಗೆ ಸೀಟು ಸಿಗೋದಿಲ್ಲ. ನಿಮ್ಮ ಮಗಳಿಗೆ ಸಿಗಲಿ, ಸಂತೋಷ. ಸಿಗದಿದ್ದರೆ?

ಗಣಿತ ಓದದವರಿಗೆ ಆಗ ಬಿಇ ಇಲ್ಲ. ಕರ್ನಾಟಕದಲ್ಲಿ ಎಂಜಿನಿಯರಿಂಗ್‌ಗೆ ಫಿಸಿಕ್ಸ್ ಮತ್ತು ಗಣಿತ ಓದಿರಲೇಬೇಕು. ಬಯೋಟೆಕ್ನಾಲಜಿ, ಬಯೋಮೆಡಿಕಲ್ ಕೂಡ ಬಿಇಯಲ್ಲೇ ಬರುತ್ತವೆ, ಇದು ಎಷ್ಟೋ ತಂದೆತಾಯಿಗೆ ಗೊತ್ತಾಗೋದು ಕೌನ್ಸೆಲಿಂಗ್ ಹೊತ್ತಿಗೆ. ಬೆಂಗಳೂರಿನ ಐಐಎಸ್ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ, ಅಲ್ಲಿ ಬಯಾಲಜಿ ಮೇಜರ್ ಮಾಡಬೇಕು ಅಂದರೂ ಪಿಯುಸಿಯಲ್ಲಿ ಗಣಿತ ಓದಿರಬೇಕು. ಎನ್‌ಡಿಎ ಮೂಲಕ ವಾಯುಪಡೆಗೋ ನೌಕಾಪಡೆಗೋ ಹೋಗಬೇಕಾದರೂ ಅಷ್ಟೇ. ಹದಿನಾರು ವರ್ಷದ ಹುಡುಗಿಯ ಆಸೆ ಹದಿನೆಂಟಕ್ಕೂ ಹಾಗೇ ಇರುತ್ತೆ ಅಂತ ಯಾರು ಬರೆದುಕೊಡ್ತಾರೆ?

ಇದೆಲ್ಲ ಸೀಟಿನ ಮಾತಾಯ್ತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಬೇರೆ. ದ್ವಿತೀಯ ಪಿಯು ಬಯಾಲಜಿಯಲ್ಲಿ ಜೀವಿಗಳ ಸಂಖ್ಯೆ ಹೇಗೆ ಬೆಳೆಯುತ್ತೆ ಅನ್ನೋ ಪಾಠ ತೆಗೆದು ನೋಡಿ. ಡಿಎನ್ ಬೈ ಡಿಟಿ ಈಕ್ವಲ್ ಟು ಆರ್‌ಎನ್ ಅಂತ ಇರುತ್ತೆ, ಎರಡು ಸಾಲು ಕೆಳಗೆ ಇ ಪವರ್ ಆರ್‌ಟಿ ಬಂದು ಕೂತಿರುತ್ತೆ. ನಡುವೆ ಏನಾಯ್ತು ಅಂತ ಗಣಿತ ಓದಿದವರಿಗೆ ಗೊತ್ತು, ಉಳಿದವರು ಉರು ಹೊಡೀತಾರೆ. ಕೆಮಿಸ್ಟ್ರಿಯ ಹಾಫ್ ಲೈಫ್‌ನಲ್ಲಿ ಬರೋ 0.693 ಕೂಡ ಹಾಗೇ. ಅದು 2ರ ನ್ಯಾಚುರಲ್ ಲಾಗ್ ಅಂತ ಗೊತ್ತಿದ್ದವರು ಅದನ್ನು ನೆನಪಿಟ್ಟುಕೊಳ್ಳಬೇಕಾಗಿಯೇ ಇಲ್ಲ.

ಇನ್ನೊಂದು ಹೇಳ್ತೀನಿ, ಡಾಕ್ಟರ್ ಆಗೋರಿಗೆ ಇದು ನೇರವಾಗಿ ಬೇಕು. ಒಂದು ಕಾಯಿಲೆ ಸಾವಿರಕ್ಕೆ ಒಬ್ಬರಿಗೆ ಇದೆ ಅಂದುಕೊಳ್ಳಿ. ಟೆಸ್ಟ್ ಎಲ್ಲ ರೋಗಿಗಳನ್ನೂ ಹಿಡಿಯುತ್ತೆ, ಆದರೆ ಕಾಯಿಲೆ ಇಲ್ಲದ ನೂರು ಜನರಲ್ಲಿ ಒಬ್ಬರಿಗೆ ಸುಮ್ನೆ ಪಾಸಿಟಿವ್ ತೋರಿಸುತ್ತೆ. ಒಂದು ಲಕ್ಷ ಜನಕ್ಕೆ ಮಾಡಿಸಿದರೆ ನಿಜವಾದ ರೋಗಿಗಳು 100, ಸುಳ್ಳು ಪಾಸಿಟಿವ್ 999. ಅಂದರೆ ರಿಪೋರ್ಟ್ ಹಿಡಿದು ಗಾಬರಿಯಿಂದ ಬಂದವರಲ್ಲಿ ನಿಜವಾಗಿ ಕಾಯಿಲೆ ಇರೋದು ನೂರಕ್ಕೆ ಒಂಬತ್ತು ಜನರಿಗೆ ಮಾತ್ರ! ಇದು ದ್ವಿತೀಯ ಪಿಯು ಗಣಿತದ ಪ್ರಾಬಬಿಲಿಟಿ ಪಾಠದಲ್ಲಿರೋ ಬೇಯ್ಸ್ ಪ್ರಮೇಯ. ಈ ಲೆಕ್ಕ ತಲೆಗೆ ಹೋಗಿರೋ ಡಾಕ್ಟರ್ ನನಗೆ ಬೇಕು, ನಿಮಗೂ ಬೇಕು ಅಲ್ವಾ?

ವಿರೋಧ: ದಿನಕ್ಕಿರೋದು 24 ಗಂಟೆ

ಮೇಲಿನದನ್ನು ಓದಿದರೆ ಯಾರಿಗಾದರೂ ಹೌದು ಅನ್ನಿಸುತ್ತೆ. ಬರೆದವರು ಒಂದೇ ಒಂದು ವಿಷಯ ಬಿಟ್ಟಿದ್ದಾರೆ, ಅದು ಟೈಮು.

ಸಂಜೆ ನಾಲ್ಕಕ್ಕೆ ಕಾಲೇಜು ಮುಗಿಯುತ್ತೆ. ಅಲ್ಲಿಂದ ಕೋಚಿಂಗ್. ಮನೆಗೆ ಬಂದು ಊಟ ಮಾಡಿ ಪುಸ್ತಕ ತೆಗೆಯೋ ಹೊತ್ತಿಗೆ ಒಂಬತ್ತು. ನಮ್ಮ ಅಕ್ಕನ ಮಗ ಹೋದ ವರ್ಷ ಇಂಟಿಗ್ರೇಷನ್ ಪಾಠಕ್ಕೆ ಕೂತಿದ್ದು ನೋಡಿದ್ದೀನಿ. ಒಂದು ಲೆಕ್ಕಕ್ಕೆ ಸಬ್‌ಸ್ಟಿಟ್ಯೂಷನ್ ಮಾಡಿ ನೋಡ್ದ, ಬರಲಿಲ್ಲ, ಬೈ ಪಾರ್ಟ್ಸ್ ಮಾಡ್ದ, ಇನ್ನೂ ಉದ್ದ ಆಯ್ತು, ಕೊನೆಗೆ ಗೈಡ್ ತೆಗೆದ. ಅಷ್ಟರಲ್ಲಿ ಹನ್ನೊಂದೂವರೆ. ಪಕ್ಕದಲ್ಲಿ ಬಯಾಲಜಿ ರೆಕಾರ್ಡ್ ಚಿತ್ರ ಬರೆಯದೆ ಹಾಗೇ ಬಿದ್ದಿತ್ತು. ಗಣಿತ ಓದಿದರೆ ಬರಲ್ಲ, ಕೂತು ಮಾಡಬೇಕು, ದಿನಾ ಮಾಡಬೇಕು.

ನೀಟ್‌ನ 720 ಅಂಕದಲ್ಲಿ 360 ಬಯಾಲಜಿಯದ್ದು, ಗಣಿತದ್ದು ಸೊನ್ನೆ. ಆ ಎರಡೂವರೆ ಗಂಟೆ ಬಯಾಲಜಿಗೋ, ಎಲ್ಲರೂ ಒದ್ದಾಡೋ ಫಿಸಿಕ್ಸ್‌ಗೋ ಹೋಗಿದ್ದರೆ?

ಎಂಬಿಬಿಎಸ್ ಸಿಗದಿದ್ದರೆ ಎಂಜಿನಿಯರಿಂಗ್ ಇದೆ ಅನ್ನೋ ಧೈರ್ಯದ ಕಥೆಯೂ ಇಷ್ಟೇ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಪಿಸಿಎಂ ಅಂಕ ಅರ್ಧ, ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯದ್ದು ಅರ್ಧ. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಆ ವೇಗ ಎರಡು ವರ್ಷ ಅದನ್ನೇ ಮಾಡಿದವರಿಗೆ ಬರುತ್ತೆ, ಬಯಾಲಜಿಯಲ್ಲಿ ಮುಳುಗಿರೋ ಹುಡುಗಿಗೆ ಹೇಗೆ ಬರಬೇಕು? ಸಿಗೋ ರ‍್ಯಾಂಕಿಗೆ ಯಾವ ಕಾಲೇಜು ಸಿಗುತ್ತೆ ಅಂತಲೂ ಹೇಳಿ, ಸೀಟು ಸಿಗುತ್ತೆ ಅಂತಷ್ಟೇ ಹೇಳಬೇಡಿ. ಹಾಗೆ ನೋಡಿದರೆ ಅವಳಿಗೆ ಹತ್ತಿರದ ದಾರಿಗಳು ಬೇರೆ ಇವೆ: ಬಿಡಿಎಸ್, ಆಯುರ್ವೇದ, ನರ್ಸಿಂಗ್, ಫಾರ್ಮಸಿ, ಬಿಎಸ್ಸಿ ಅಗ್ರಿ, ವೆಟರ್ನರಿ. ಯಾವುದಕ್ಕೂ ಗಣಿತ ಕೇಳಲ್ಲ. ಐಐಎಸ್ಸಿಗೆ ಬೇಕು, ಒಪ್ಪಿದೆ. ಆದರೆ ಕೇಂದ್ರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗೆ ನಾಲ್ಕರಲ್ಲಿ ಮೂರು ವಿಷಯ ಓದಿದ್ದರೂ ಪ್ರವೇಶ ಪರೀಕ್ಷೆ ಬರೆಯಬಹುದು. ಗಣಿತದ 15 ಪ್ರಶ್ನೆ ಕಷ್ಟ ಆಗುತ್ತೆ, ಅಷ್ಟೇ.

ಇನ್ನು ಗಣಿತ ಇದ್ದರೆ ಫಿಸಿಕ್ಸ್ ಸುಲಭ ಅನ್ನೋರು ಪ್ರಥಮ ಪಿಯುವಿನ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಲಿ. ಫಿಸಿಕ್ಸ್‌ನಲ್ಲಿ ವೇಗದ ಪಾಠ ಶುರುವಿನಲ್ಲೇ ಬರುತ್ತೆ, ಅಲ್ಲೇ ಡಿಫರೆನ್ಷಿಯೇಷನ್ ಬೇಕು. ಗಣಿತದ ಪುಸ್ತಕದಲ್ಲಿ ಲಿಮಿಟ್ಸ್ ಅಂಡ್ ಡೆರಿವೇಟಿವ್ಸ್ ಇರೋದು ಕೊನೇ ಹೊತ್ತಿಗೆ. ಹಾಗಾಗಿ ಫಿಸಿಕ್ಸ್ ಲೆಕ್ಚರರೇ ಒಂದೆರಡು ಪೀರಿಯಡ್‌ನಲ್ಲಿ ಬೇಕಾದಷ್ಟು ಹೇಳಿಕೊಟ್ಟು ಮುಂದೆ ಹೋಗ್ತಾರೆ. ಬೇಯ್ಸ್ ಲೆಕ್ಕ ಚೆನ್ನಾಗಿದೆ, ನಾನೂ ಖುಷಿಪಟ್ಟೆ. ಆದರೆ ಎಂಬಿಬಿಎಸ್‌ನಲ್ಲಿ ಕಮ್ಯುನಿಟಿ ಮೆಡಿಸಿನ್ ಜೊತೆಗೆ ಬಯೋಸ್ಟ್ಯಾಟಿಸ್ಟಿಕ್ಸ್ ಇದ್ದೇ ಇದೆ. ಟೆಸ್ಟ್ ರಿಪೋರ್ಟ್ ಅರ್ಥ ಮಾಡಿಕೊಳ್ಳೋಕೆ ಹದಿನೇಳನೇ ವಯಸ್ಸಿನಲ್ಲಿ ತ್ರೀಡಿ ಜಾಮೆಟ್ರಿ ಮಾಡಬೇಕಾಗಿಲ್ಲ.

ಫೇಲ್ ಆದರೆ ಏನಾಗುತ್ತೆ ಅಂತ ಯಾರೂ ಹೇಳಲ್ಲ. ನೀಟ್ ಗಣಿತದ ಅಂಕ ಕೇಳಲ್ಲ, ಪಿಯುಸಿ ಪಾಸಾಗೋಕೆ ಮಾತ್ರ ಅದು ಬೇಕೇಬೇಕು. ಫೇಲಾದರೆ ಅದೇ ವರ್ಷದ ಎರಡನೇ ಅವಕಾಶ, ಅಂದರೆ ಪರೀಕ್ಷೆ-2 ಬರೆಯಬೇಕು. 2025ರಲ್ಲಿ ಪರೀಕ್ಷೆ-2 ಇದ್ದಿದ್ದು ಏಪ್ರಿಲ್ 24ರಿಂದ ಮೇ 8ರವರೆಗೆ, ನೀಟ್ ಇದ್ದಿದ್ದು ಮೇ 4ಕ್ಕೆ. ನೀಟ್‌ನಲ್ಲೇ ಇಲ್ಲದ ಸಬ್ಜೆಕ್ಟಿಗೆ ಆ ಹತ್ತು ದಿನ ಕಳೆಯೋ ಹುಡುಗನ ಸಂಕಟ ಊಹಿಸಿಕೊಳ್ಳಿ.

ಗಣಿತ ಅಂದರೆ ಜೀವ ಬಿಡೋ ಮಕ್ಕಳಿಗೆ ನಾನು ಇದನ್ನು ಹೇಳ್ತಿಲ್ಲ, ಅವರು ಖಂಡಿತ ತಗೊಳ್ಳಲಿ. ಹತ್ತನೇ ಕ್ಲಾಸಿನಲ್ಲೇ ತ್ರಿಕೋನಮಿತಿ ಅಂದರೆ ಬೆವರ್ತಿದ್ದವರ ಬಗ್ಗೆ ನನ್ನ ಮಾತು. ಕಷ್ಟ ಏನಂದ್ರೆ, ಸಿಬಿಎಸ್‌ಇಯಲ್ಲಿ ಐದು ವಿಷಯ ಸಾಕು, ಗಣಿತದ ಬದಲು ಫಿಸಿಕಲ್ ಎಜುಕೇಷನ್ ತಗೊಂಡು ಆರಾಮಾಗಿರಬಹುದು. ನಮ್ಮ ಪಿಯುನಲ್ಲಿ ಎರಡು ಭಾಷೆ ಜೊತೆ ನಾಲ್ಕು ಐಚ್ಛಿಕ ವಿಷಯ ಇರಲೇಬೇಕು. ಪಿಸಿಬಿ ಜೊತೆ ಗೃಹವಿಜ್ಞಾನದಂಥದ್ದು ಎಲ್ಲೋ ಕೆಲವು ಕಾಲೇಜಿನಲ್ಲಿ ಸಿಗುತ್ತೆ. ತಾಲೂಕಿನ ಎಷ್ಟೋ ಸರ್ಕಾರಿ ಕಾಲೇಜಿನಲ್ಲಿ ವಿಜ್ಞಾನ ಅಂದರೆ ಪಿಸಿಎಂಬಿ ಮಾತ್ರ. ಹಾಗಿದ್ದಾಗ ಬೇಡ ಅನ್ನೋ ಮಾತೇ ಬರಲ್ಲ. ತಗೊಳ್ಳಿ, ಆದರೆ ಅದಕ್ಕೆ ಅಂತ ಟ್ಯೂಷನ್ ಹಾಕಬೇಡಿ. ಇಂಟರ್ನಲ್ಸ್‌ನ 20 ಅಂಕ ಬಿಡಬೇಡಿ. ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ವೆಕ್ಟರ್, ಲೀನಿಯರ್ ಪ್ರೋಗ್ರಾಮಿಂಗ್, ಪ್ರಾಬಬಿಲಿಟಿ ಗಟ್ಟಿ ಮಾಡಿಕೊಂಡರೆ ಪಾಸಾಗೋಕೆ ತೊಂದರೆ ಇಲ್ಲ. ಇಂಟಿಗ್ರೇಷನ್‌ನ ಕಷ್ಟದ ಲೆಕ್ಕ ಬಿಟ್ಟು ಹತ್ತಕ್ಕೆ ಮಲಗಿ.