ಸ್ಪಷ್ಟನೆ: ಫ್ಲಟರ್ ಬಂತೆಂದು ಕಾಟ್ಲಿನ್, ಸ್ವಿಫ್ಟ್ ಬಲ್ಲವರ ಬೇಡಿಕೆ ಹೋಗಿಲ್ಲ

'ಫ್ಲಟರ್ ಒಂದು ಕಲಿತರೆ ಸಾಕು, ಕಾಟ್ಲಿನ್, ಸ್ವಿಫ್ಟ್ ಬಲ್ಲವರನ್ನು ಇನ್ನು ಯಾರೂ ಕೇಳುವುದಿಲ್ಲ, ಮ್ಯಾಕ್ ಕೂಡ ಬೇಡ' ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅರ್ಧ ಮಾತ್ರ ನಿಜ. ಫ್ಲಟರ್ ಎಂದರೆ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಟ್ಟಿಗೆ ಆ್ಯಪ್ ಕಟ್ಟುವ ಸಾಧನ; ಕಾಟ್ಲಿನ್ ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆ, ಸ್ವಿಫ್ಟ್ ಐಫೋನ್ ಆ್ಯಪ್ ಬರೆಯುವ ಭಾಷೆ; ಮ್ಯಾಕ್ ಆ್ಯಪಲ್ ಕಂಪ್ಯೂಟರ್.

ಲಾಗಿನ್, ಪಟ್ಟಿ, ಫಾರಂಗಳಂಥ ಪರದೆಗಳನ್ನು ಡಾರ್ಟ್ (ಫ್ಲಟರ್ ಬಳಸುವ ಭಾಷೆ) ಕೋಡ್ ಒಂದರಲ್ಲೇ ಆಂಡ್ರಾಯ್ಡ್, ಐಫೋನ್ ಎರಡೂ ಕಡೆ ಓಡಿಸಬಹುದು, ಸರಿ. ತೊಡಕು ಶುರುವಾಗುವುದು ಫೋನಿನ ಒಳಗೆ ಕೈಹಾಕಿದಾಗ. ಬ್ಲೂಟೂತ್ ಉಪಕರಣಕ್ಕೆ ಸಿದ್ಧ ಪ್ಲಗಿನ್ (ಬೇರೆಯವರು ಬರೆದಿಟ್ಟ ಜೋಡಣೆ ಕೋಡ್) ಸಿಗದಿದ್ದರೆ, ಡಾರ್ಟ್ ಕೋಡಿಗೂ ಫೋನಿನ ವ್ಯವಸ್ಥೆಗೂ ಸೇತುವೆಯಾಗುವ ಪ್ಲಾಟ್‌ಫಾರ್ಮ್ ಚಾನೆಲ್ ಬರೆಯಬೇಕು. ಅದರ ಆಚೆ ತುದಿಯಲ್ಲಿ ಬೇಕಾಗುವುದು ಕಾಟ್ಲಿನ್ ಮತ್ತು ಸ್ವಿಫ್ಟೇ. ಡೆಲಿವರಿ ಆ್ಯಪ್ ಒಂದನ್ನು ತೆಗೆದುಕೊಳ್ಳಿ. ಅದು ಆಂಡ್ರಾಯ್ಡ್ 14ರ ನಿಯಮಗಳಿಗೆ ಟಾರ್ಗೆಟ್ ಆಗಿದ್ದು, ನೋಟಿಫಿಕೇಶನ್ ತೋರಿಸುತ್ತ ಓಡುತ್ತಲೇ ಇದ್ದು ಲೊಕೇಶನ್ ಓದುವ ಫೋರ್‌ಗ್ರೌಂಡ್ ಸರ್ವಿಸ್‌ನ ಬಗೆಯನ್ನು ಆ್ಯಪ್ ವಿವರಗಳ ಫೈಲ್ ಆದ ಮ್ಯಾನಿಫೆಸ್ಟ್‌ನಲ್ಲಿ ನಮೂದಿಸದಿದ್ದರೆ, ಸರ್ವಿಸ್ ಶುರುವಾಗುವಾಗಲೇ ಕ್ರ್ಯಾಶ್. ಡಾರ್ಟ್ ಕೋಡನ್ನು ಎಷ್ಟು ತಡಕಿದರೂ ಕಾರಣ ಸಿಗದು. ಆಂಡ್ರಾಯ್ಡ್ ದೋಷಗಳನ್ನು ದಾಖಲಿಸುವ ಲಾಗ್‌ಕ್ಯಾಟ್ ಓದಲು ಬರಬೇಕು. ಕಂಪನಿಗಳು ಹುಡುಕುವುದು ಇಂಥವರನ್ನೇ.

ಮ್ಯಾಕ್ ಬೇಡ ಎಂಬುದಂತೂ ಶುದ್ಧ ತಪ್ಪು. ಐಫೋನ್ ಆ್ಯಪ್ ಸಿದ್ಧಪಡಿಸಲು ಆ್ಯಪಲ್ ಕೊಡುವ ಎಕ್ಸ್‌ಕೋಡ್ ಎಂಬ ತಂತ್ರಾಂಶ ಬೇಕು, ಅದು ಓಡುವುದು ಮ್ಯಾಕ್‌ನಲ್ಲೇ: ಸ್ವಂತದ್ದಾಗಲಿ, ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದದ್ದಾಗಲಿ.

ಕೆಲಸ ಹುಡುಕುವಾಗ ಸರ್ಟಿಫಿಕೇಟಿಗಿಂತ ಪ್ಲೇ ಸ್ಟೋರ್‌ನಲ್ಲಿರುವ ಒಂದು ಆ್ಯಪ್‌ಗೆ ತೂಕ ಹೆಚ್ಚು. ಡೆವಲಪರ್ ಖಾತೆಗೆ ಒಮ್ಮೆ ಮಾತ್ರ 25 ಡಾಲರ್. ಆದರೆ 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಬಿಡುಗಡೆಗೆ ಮುನ್ನ ಕನಿಷ್ಠ 12 ಪರೀಕ್ಷಕರು ಸತತ 14 ದಿನ, ಆಯ್ದವರಿಗಷ್ಟೇ ಆ್ಯಪ್ ಸಿಗುವ ಕ್ಲೋಸ್ಡ್ ಟೆಸ್ಟ್‌ನಲ್ಲಿ ಇರಬೇಕು. ಇಂಟರ್ವ್ಯೂ ಹಿಂದಿನ ವಾರ ಶುರುಮಾಡಿದರೆ ಆಗದು.