ಗೆದ್ದ ಮೇಲೆ ಪ್ರೀತಿ ಬರುವ ಕಥೆಗಳು ಸಾಕು

ಓದುವ ಆ್ಯಪ್‌ಗಳಲ್ಲಿ ಕಂತು ಕಂತಾಗಿ ಬರುವ ಕ್ರೀಡಾ ಪ್ರೇಮಕಥೆಗಳಿಗೆ ಒಂದು ಅಚ್ಚು ಬಿದ್ದುಬಿಟ್ಟಿದೆ. ನಾಯಕ ಕ್ರಿಕೆಟಿಗ, ಅದರಲ್ಲೂ ಕ್ಯಾಪ್ಟನ್. ಅವನ ಭುಜಕ್ಕೋ ಮಂಡಿಗೋ ಪೆಟ್ಟು. ನಾಯಕಿ ಫಿಸಿಯೊ. ಮೂರನೇ ಕಂತಿನಲ್ಲಿ ಜಗಳ, ಹತ್ತನೇ ಕಂತಿನಲ್ಲಿ ಮಳೆ, ಕೊನೆಯ ಕಂತಿನಲ್ಲಿ ಕೊನೆಯ ಬಾಲಿಗೆ ಸಿಕ್ಸರ್. ಆ ಸಿಕ್ಸರ್ ಹೊಡೆದ ಮೇಲೆ ಅವನು ತನ್ನನ್ನು ತಾನು ಒಪ್ಪಿಕೊಳ್ಳುತ್ತಾನೆ, ಅವಳನ್ನೂ ಒಪ್ಪಿಕೊಳ್ಳುತ್ತಾನೆ.

ನನ್ನ ತಕರಾರು ಇರುವುದು ಇಲ್ಲೇ. ಸಿಕ್ಸರ್ ಹೊಡೆದವನಿಗೆ ತನ್ನನ್ನು ಒಪ್ಪಿಕೊಳ್ಳೋದೇನು ಕಷ್ಟ ಸ್ವಾಮಿ? ಇಡೀ ಸ್ಟೇಡಿಯಂ ಒಪ್ಪಿಕೊಂಡಾಗಿದೆ. ಆ ಒಪ್ಪಿಗೆ ಬರಬೇಕಾದದ್ದು ಅವನು ಬೆಂಚಿನ ಮೇಲೆ ಕೂತಿರುವಾಗ, ತನ್ನ ಮೈ ತನ್ನ ಮಾತು ಕೇಳದಿರುವಾಗ. ಅದಕ್ಕೆ ಲೇಖಕರು ಪಾತ್ರದ ಮನಸ್ಸಿನೊಳಗೆ ಉದ್ದುದ್ದ ಸ್ವಗತ ತುಂಬಬೇಕಾಗಿಲ್ಲ, ಆಟದ ನಿಯಮಗಳೇ ಸಾಕಷ್ಟು ಕೊಡುತ್ತವೆ. ಆಟ ಗೊತ್ತಿರಬೇಕು, ಅಷ್ಟೆ.

ಕಬಡ್ಡಿಯನ್ನೇ ತೆಗೆದುಕೊಳ್ಳಿ. ಕರಾವಳಿಯ ಹೊನಲು ಬೆಳಕಿನ ಪಂದ್ಯಾವಳಿಗಳಿಂದ ಪ್ರೊ ಕಬಡ್ಡಿಯವರೆಗೆ ನಮ್ಮವರು ನೋಡಿ ಬೆಳೆದ ಆಟ. ಕಾರ್ಕಳದ ಮಮತಾ ಪೂಜಾರಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದದ್ದು ಈ ಆಟಕ್ಕೆ. ಇಷ್ಟಿದ್ದೂ ಕನ್ನಡದ ಪ್ರೇಮಕಥೆಗಳಲ್ಲಿ ಕಬಡ್ಡಿ ಆಡುವ ಹೆಣ್ಣುಮಗಳನ್ನು ಹುಡುಕಿ ತೆಗೆಯಬೇಕು.

ಈ ಆಟದ ಒಂದು ನಿಯಮ ಯಾವ ಪ್ರೇಮಕಥೆಗೂ ಬೆನ್ನೆಲುಬಾಗಬಲ್ಲದು. ಔಟ್ ಆದವಳು ತನ್ನ ಶಕ್ತಿಯಿಂದ ಒಳಗೆ ಬರಲಾರಳು. ಅವಳ ತಂಡದವಳು ಎದುರಾಳಿ ಒಬ್ಬಳನ್ನು ಔಟ್ ಮಾಡಿದಾಗ ಇವಳಿಗೆ ಜೀವ. ಅದೂ ಸರದಿಯಂತೆ: ಮೊದಲು ಔಟ್ ಆದವಳು ಮೊದಲು ಒಳಗೆ. ಇನ್ನೊಂದು ಸೂಕ್ಷ್ಮವಿದೆ, ಬೋನಸ್ ಪಾಯಿಂಟಿಗೆ ಯಾರೂ ಜೀವ ಪಡೆಯುವುದಿಲ್ಲ. ಎದುರು ಆರು ಅಥವಾ ಹೆಚ್ಚು ಜನ ಇರುವಾಗ ರೈಡರ್ ಒಂದು ಕಾಲು ಬೋನಸ್ ಗೆರೆಯಾಚೆ ಇಟ್ಟು, ಇನ್ನೊಂದನ್ನು ಗಾಳಿಯಲ್ಲಿ ಎತ್ತಿ, ಸೇಫಾಗಿ ವಾಪಸು ಬಂದರೆ ಸ್ಕೋರು ಏರುತ್ತದೆ. ಹೊರಗೆ ಕೂತ ಗೆಳತಿ ಹೊರಗೇ ಇರುತ್ತಾಳೆ. ಬೋನಸ್ ಮೇಲೆ ಬೋನಸ್ ತರುವ ರೈಡರ್ ಒಬ್ಬಳನ್ನು ಊಹಿಸಿಕೊಳ್ಳಿ: ಅಂಕಪಟ್ಟಿಯಲ್ಲಿ ರಾಣಿ, ಆದರೆ ಯಾರನ್ನೂ ಮುಟ್ಟದವಳು, ಯಾರಿಗೂ ಜೀವ ಕೊಡದವಳು. "ಅವಳಿಗೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲು ಭಯ" ಅಂತ ಒಂದು ಪುಟ ಬರೆಯುವ ಬದಲು ಅಂಥ ಎರಡು ರೈಡ್ ಬರೆಯಿರಿ.

ಕಥೆಗೆ ಗಾಯ ಬೇಕೇ ಬೇಕು ಅಂದರೆ, ನಮ್ಮೂರಲ್ಲಿ ಹೇಳುವ ಹಾಗೆ 'ಲಿಗಮೆಂಟ್ ಹೋಗುವುದು' ಈ ಆಟಕ್ಕೆ ಸಹಜವಾದ ಗಾಯ. ಮಂಡಿಯ ಎಸಿಎಲ್, ಅಂದರೆ ಮಂಡಿಯೊಳಗೆ ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಡುವ ಲಿಗಮೆಂಟ್. ನಮ್ಮ ಕಥೆಗಳಲ್ಲಿ ಹೆಚ್ಚು ಸುಳ್ಳು ಬರುವುದೂ ಇದರ ಬಗ್ಗೆಯೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇದು ಯಾವಾಗಲೂ ಯಾರೋ ಗುದ್ದಿದ್ದರಿಂದಲೇ ಆಗಬೇಕೆಂದಿಲ್ಲ. ರೈಡರ್ ಹ್ಯಾಂಡ್ ಟಚ್ ಮಾಡಿ ಸರಕ್ಕನೆ ತಿರುಗುವಾಗ ಪಾದ ಮ್ಯಾಟಿಗೆ ಕಚ್ಚಿಕೊಳ್ಳುತ್ತದೆ, ಮೈ ತಿರುಗುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ. 'ಟಪ್' ಅಂತ ಒಂದು ಸದ್ದು ಅವಳಿಗೇ ಕೇಳಿಸಬಹುದು. ಕೆಲವೇ ಗಂಟೆಗಳಲ್ಲಿ ಮಂಡಿ ಊದುತ್ತದೆ. ಮೋಸ ಇರುವುದು ಮುಂದೆ: ಊತ ಇಳಿದ ಮೇಲೆ ಅವಳು ನಡೆಯುತ್ತಾಳೆ, ಮೆಟ್ಟಿಲೂ ಹತ್ತುತ್ತಾಳೆ. ಸರಿಹೋಯಿತು ಅಂದುಕೊಂಡು ಅಂಗಣಕ್ಕಿಳಿದು ಮತ್ತೆ ತಿರುಗಿದಾಗ ಮಂಡಿ ಕೈಕೊಡುತ್ತದೆ. ಎಣ್ಣೆ ತಿಕ್ಕಿಸಿ, ಪಟ್ಟು ಹಾಕಿಸಿ, ಎರಡನೇ ಸಲ ಬಿದ್ದು, ಜೊತೆಗೆ ಮಂಡಿಯೊಳಗಿನ ಮೆತ್ತೆಯಂಥ ಮೆನಿಸ್ಕಸ್ ಕೂಡ ಹರಿದುಕೊಂಡು ಸ್ಕ್ಯಾನಿಂಗಿಗೆ ಬರುವುದು ನಮ್ಮಲ್ಲಿ ತೀರ ಸಾಮಾನ್ಯ. ಈ ತಡವೇ ಒಂದು ಕಂತು ಆಗುತ್ತದೆ. ತನ್ನ ಮೈಯಲ್ಲಿ ಏನೋ ಮುರಿದಿದೆ ಎಂದು ಒಪ್ಪದ ಹುಡುಗಿ ಅದರಲ್ಲಿ ಪೂರ್ತಿ ಸಿಗುತ್ತಾಳೆ.

ಶಸ್ತ್ರಚಿಕಿತ್ಸೆಯಲ್ಲಿ ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಕಟ್ಟುತ್ತಾರೆ. ಮೊದಲ ಎರಡು ವಾರದ ಕೆಲಸ ನೋಡುವವರಿಗೆ ನಗು ತರಿಸುವಂಥದ್ದು. ಮಂಡಿ ಪೂರ್ತಿ ನೆಟ್ಟಗಾಗಬೇಕು, ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ತೊಡೆ ಬಿಗಿಯಬೇಕು. ರಾಜ್ಯಮಟ್ಟದ ಆಟಗಾರ್ತಿಗೆ ತನ್ನ ತೊಡೆಯನ್ನು ಬಿಗಿಯಲಾಗುವುದಿಲ್ಲ. ಆ ತೊಡೆ ಕಣ್ಣೆದುರೇ ಸಣ್ಣಗಾಗುತ್ತದೆ, ಟೇಪು ಹಿಡಿದರೆ ಎರಡು ಕಾಲಿನ ಅಳತೆ ಬೇರೆ ಬೇರೆ. ಓಟ ಶುರುವಾಗುವುದು ಸುಮಾರು ಮೂರು ನಾಲ್ಕು ತಿಂಗಳಿಗೆ, ಜಿಗಿತ ಮತ್ತು ದಿಕ್ಕು ಬದಲಿಸುವ ಅಭ್ಯಾಸ ಅದಕ್ಕೂ ಆಮೇಲೆ. ಪಂದ್ಯಕ್ಕೆ ಮರಳಲು ಕಡಿಮೆಯೆಂದರೂ 9 ತಿಂಗಳು ಕಾಯಬೇಕು, ಜೊತೆಗೆ ಗಾಯದ ಕಾಲಿನ ಬಲ ಇನ್ನೊಂದು ಕಾಲಿನ ಶೇ 90ಕ್ಕಾದರೂ ಬಂದಿರಬೇಕು, ಒಂಟಿಕಾಲಿನ ಜಿಗಿತದ ಪರೀಕ್ಷೆಗಳಲ್ಲಿ ಪಾಸಾಗಬೇಕು. ಆರು ವಾರದಲ್ಲಿ ಫೈನಲ್ ಆಡಿಸುವ ಲೇಖಕರು ನಾಯಕಿಯ ಇನ್ನೊಂದು ಲಿಗಮೆಂಟನ್ನೂ ಹರಿಯುತ್ತಿದ್ದಾರೆ.

ಈ 9 ತಿಂಗಳನ್ನು ಕಥೆಯಲ್ಲಿ ಹಾರಿಸಬೇಡಿ. ಪ್ರೀತಿ ಬೆಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲಾವಧಿ ಸಿಗುವುದಿಲ್ಲ. ಇದರ ಕೊನೆಯಲ್ಲಿ ಇನ್ನೊಂದು ಗಂಟು ಕಾದಿರುತ್ತದೆ: ಪರೀಕ್ಷೆ ಎಲ್ಲ ಪಾಸಾಗಿ ಡಾಕ್ಟರ್ ಹೂಂ ಅಂದ ಮೇಲೂ ಅವಳು ಆ ಕಾಲಿನ ಮೇಲೆ ತಿರುಗುವುದಿಲ್ಲ. ಮಂಡಿ ವಾಸಿಯಾಗಿದೆ, ನಂಬಿಕೆ ವಾಸಿಯಾಗಿಲ್ಲ. ಎದುರು ತಂಡದ ಕಾರ್ನರ್‌ನಲ್ಲಿ, ಅಂದರೆ ಸಾಲಿನ ತುದಿಯಲ್ಲಿ, ನಿಂತವಳಿಗೆ ಇದು ಎರಡೇ ರೈಡಿನಲ್ಲಿ ಗೊತ್ತಾಗುತ್ತದೆ, ಅವಳು ನೋಡುವುದೇ ಕಾಲನ್ನು.

ಇನ್ನು ಆ ಫಿಸಿಯೊ ಮತ್ತು ಕೋಚ್. ಇವರನ್ನು ದಯವಿಟ್ಟು ಪ್ರೇಮಿಯ ಜಾಗದಿಂದ ಇಳಿಸಿ. ತಂಡದಲ್ಲಿ ಆಡಿಸುವುದು ಬಿಡುವುದು ಯಾರ ಕೈಯಲ್ಲಿದೆಯೋ, ನಿನ್ನ ಕಾಲು ಸರಿಯಾಗಿದೆ ಅಂತ ಸಹಿ ಹಾಕುವವರು ಯಾರೋ, ಅವರಿಗೆ 'ಇಲ್ಲ' ಅನ್ನುವ ಸ್ವಾತಂತ್ರ್ಯ ಹುಡುಗಿಗೆ ಇರುವುದಿಲ್ಲ. ಉದ್ಯೋಗ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ತರಬೇತಿ ಮತ್ತು ಸ್ಪರ್ಧೆ ನಡೆಯುವ ಜಾಗಗಳನ್ನೂ ಉದ್ಯೋಗ ಸ್ಥಳ ಎಂದೇ ಹೇಳುತ್ತದೆ. 2023ರಲ್ಲಿ ಕುಸ್ತಿಪಟುಗಳು ಜಂತರ್ ಮಂತರ್‌ನಲ್ಲಿ ಕೂತದ್ದನ್ನು ನೋಡಿದ ಮೇಲೂ 'ಕಟ್ಟುನಿಟ್ಟಿನ ಕೋಚ್, ಒಳಗೆ ಮೃದು ಹೃದಯ' ಅಂತ ಬರೆಯುವವರಿಗೆ ನಾನು ಏನೂ ಹೇಳಲಾರೆ.

ಹಾಗಾದರೆ ನಾಯಕ ಯಾರು? ಮ್ಯಾಟ್ ಬಾಡಿಗೆಗೆ ಕೊಡುವವನಾಗಲಿ. ಊರೂರಿನ ಪಂದ್ಯಾವಳಿಗೆ ಟೆಂಪೊದಲ್ಲಿ ಮ್ಯಾಟ್ ತಂದು ಹಾಸುವ ಹುಡುಗ. ಮಹಿಳೆಯರ ಅಂಗಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಒಂದು ಮೀಟರ್ ಚೌಕದ ತುಂಡುಗಳಾದರೆ ಅಂಗಣಕ್ಕೇ 96 ಬೇಕು, ಸುತ್ತ ಬಿಡುವ ಜಾಗಕ್ಕೆ ಬೇರೆ. ಹಲ್ಲಿಗೆ ಹಲ್ಲು ಸೇರಿಸಿ ಒತ್ತುತ್ತಾ ಹೋಗಬೇಕು. ಕೆಳಗಿನ ನೆಲ ಸಮ ಇಲ್ಲದಿದ್ದರೆ ಆಟ ಬಿಸಿಯೇರಿದ ಮೇಲೆ ಸಂದು ಬಾಯಿ ಬಿಡುತ್ತದೆ, ಬೆರಳು ಸಿಕ್ಕಿಕೊಳ್ಳುತ್ತದೆ. ಡಿಸೆಂಬರ್ ಜನವರಿಯ ರಾತ್ರಿ ಇಬ್ಬನಿ ಬೇರೆ. ಸೆಮಿಫೈನಲ್ ಹೊತ್ತಿಗೆ ಮ್ಯಾಟ್ ಜಾರುತ್ತದೆ, ಬಟ್ಟೆ ಹಿಡಿದು ಒರೆಸುವವರು ಬೇಕು. ಅವಳ ಮಂಡಿ ಹೋದದ್ದು ಇವನು ಹಾಸಿದ ಮ್ಯಾಟಿನ ಮೇಲೆ ಅಂತಿಟ್ಟುಕೊಳ್ಳಿ. ಅವನು ಆಸ್ಪತ್ರೆಗೆ ಬರುತ್ತಾನೆ, ಎಳನೀರು ತರುತ್ತಾನೆ, ಆಟೊ ದುಡ್ಡು ಕೊಡುತ್ತಾನೆ. ಇದು ತಪ್ಪಿತಸ್ಥ ಭಾವ. ಇದನ್ನು ಪ್ರೀತಿ ಅಂತ ಅವನೂ ತಿಳಿಯುತ್ತಾನೆ, ಅವಳೂ ತಿಳಿಯುತ್ತಾಳೆ. ಕಥೆಯ ಅರ್ಧ ಭಾಗ ಆ ತಪ್ಪು ತಿಳಿವಳಿಕೆಯಿಂದ ಹೊರಬರುವುದಕ್ಕೇ ಬೇಕು. "ನೀನು ಋಣ ತೀರಿಸ್ಲಿಕ್ಕೆ ಬರ್ತಿದ್ರೆ ನಾಳೆಯಿಂದ ಬರ್ಬೇಡ ಮಾರಾಯ" ಅಂತ ಅವಳು ಹೇಳುವ ದಿನ ನಿಜವಾದ ಪ್ರೇಮಕಥೆ ಶುರು.

ಮರಳಿ ಬಂದ ಮೇಲೆ ಅವಳು ರೈಡರ್ ಆಗಿಯೇ ಇರಬೇಕಾಗಿಲ್ಲ. ಆರಂಭದ ಹೆಜ್ಜೆಯ ಆ ಮಿಂಚು ಕಡಿಮೆಯಾಗಿದ್ದರೆ ಕವರ್‌ಗೆ, ಅಂದರೆ ಕಾರ್ನರ್‌ನಿಂದ ಒಳಗೆ ನಿಂತು ರೈಡರನ್ನು ಹಿಡಿಯುವ ಜಾಗಕ್ಕೆ, ಬರಬಹುದು. ಆದರೆ ಡಿಫೆನ್ಸ್ ಅಂದರೆ ಮಂಡಿಗೆ ಸುರಕ್ಷಿತ ಅಂತ ಬರೆಯಬೇಡಿ, ಬ್ಲಾಕ್ ಮಾಡುವಾಗ ರೈಡರ್ ಪೂರ್ತಿ ಭಾರ ಹಾಕಿ ಬೀಳುವುದು ಕಾಲಿನ ಮೇಲೆಯೇ. ಅವಳನ್ನು ಅಲ್ಲಿಗೆ ತರಬೇಕಾದ ಕಾರಣ ಬೇರೆ: ವರ್ಷಗಟ್ಟಲೆ ರೈಡ್ ಮಾಡಿದವಳಿಗೆ ಎದುರಾಳಿ ರೈಡರ್ ಯಾವಾಗ ತಿರುಗುತ್ತಾಳೆಂದು ಮುಂಚೆಯೇ ಗೊತ್ತಾಗುತ್ತದೆ. ಚಪ್ಪಾಳೆ ರೈಡರ್‌ಗೆ ಬೀಳುತ್ತದೆ, ಪೋಸ್ಟರಿನಲ್ಲಿ ಬರುವುದೂ ರೈಡರ್. ಆ ಚಪ್ಪಾಳೆ ಬಿಟ್ಟುಕೊಟ್ಟು ಕವರ್‌ನಲ್ಲಿ ನಿಲ್ಲಲು ಅವಳು ಒಪ್ಪುವ ದೃಶ್ಯವೇ ಇಡೀ ಕಾದಂಬರಿಯ ನಡುಗಂಬ. ಅದನ್ನು ಕೋಚ್ ಬಾಯಿಂದ ಆದೇಶವಾಗಿ ಹೇಳಿಸಿದರೆ ಹಾಳು, ಅವಳೇ ಹೋಗಿ ಕೇಳಬೇಕು.

ಮೈಯ ಬಗ್ಗೆ ಇನ್ನೊಂದು ಮಾತು, ಅದು ತೂಕ. ಹಿರಿಯರ ಮಹಿಳಾ ಕಬಡ್ಡಿಯಲ್ಲಿ ಮಿತಿ 75 ಕೆ.ಜಿ., ಪುರುಷರಿಗೆ 85. ತೂಕದ ದಿನದ ಹಿಂದಿನ ರಾತ್ರಿ ನೀರು ಬಿಟ್ಟು, ಸ್ವೆಟರ್ ಮೇಲೆ ರೈನ್‌ಕೋಟ್ ಹಾಕಿ ಓಡಿ ಬೆವರು ಇಳಿಸುವುದು ತೂಕದ ಮಿತಿ ಇರುವ ಎಲ್ಲ ಆಟಗಳಲ್ಲೂ ಇದೆ. ಮರುದಿನ ಸ್ನಾಯು ಸೆಳೆತ, ತಲೆಸುತ್ತು. ವಿನೇಶ್ ಫೋಗಟ್ 2024ರ ಆಗಸ್ಟ್ 7ರಂದು ಪ್ಯಾರಿಸ್‌ನಲ್ಲಿ ಕುಸ್ತಿಯ ಫೈನಲ್ ಕಳೆದುಕೊಂಡದ್ದು ಮಿತಿಗಿಂತ 100 ಗ್ರಾಂ ಹೆಚ್ಚಿದ್ದುದಕ್ಕೆ. ತಕ್ಕಡಿಯ ಮುಂದೆ ನಿಂತ ಹುಡುಗಿಗೆ ತನ್ನ ಮೈ ಶತ್ರುವಾಗಿ ಕಾಣದೆ ಇನ್ನೇನು? ಅಂಥವಳಿಗೆ ಪ್ರೇಮಿಯು "ನೀನು ಹೇಗಿದ್ದರೂ ಚಂದ" ಅಂದರೆ ಸಿಟ್ಟು ಬರಬೇಕು. ಅವಳ ಚಿಂತೆ ಚಂದದ್ದಲ್ಲ. ಅವಳ ಜೊತೆ ಕೂತು ರಾತ್ರಿ ಊಟಕ್ಕೆ ಏನು, ಎಷ್ಟು ಅಂತ ಲೆಕ್ಕ ಹಾಕುವವನು ಬೇಕು.

ಎಲ್ಲ ಪ್ರೇಮಕಥೆಯಲ್ಲೂ ಗಂಡು ಇರಲೇಬೇಕೆಂದೂ ಇಲ್ಲ. ಓಟಗಾರ್ತಿ ದ್ಯುತಿ ಚಂದ್ 2014ರಲ್ಲಿ ಹಾರ್ಮೋನು ಪ್ರಮಾಣದ ಕಾರಣಕ್ಕೆ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ತಂಡದಿಂದ ಹೊರಬಿದ್ದರು. ಕ್ರೀಡಾ ನ್ಯಾಯಮಂಡಳಿಗೆ ಹೋಗಿ 2015ರಲ್ಲಿ ಆ ನಿಯಮವನ್ನೇ ತಡೆಹಿಡಿಸಿದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ 100 ಮತ್ತು 200 ಮೀಟರ್ ಎರಡರಲ್ಲೂ ಬೆಳ್ಳಿ. 2019ರಲ್ಲಿ ತಾನು ಹೆಣ್ಣೊಬ್ಬಳನ್ನು ಪ್ರೀತಿಸುತ್ತಿರುವುದಾಗಿ ಹೇಳಿದರು, ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟು ಆಗಿನ್ನೂ ವರ್ಷ ತುಂಬಿರಲಿಲ್ಲ. ಅವರ ಬದುಕನ್ನು ಎತ್ತಿಕೊಂಡು ಕಥೆ ಮಾಡಿ ಅನ್ನುತ್ತಿಲ್ಲ. ಕಬಡ್ಡಿಗೇ ವಾಪಸು ಬಂದರೆ, ಇದು ಕೈಕೈ ಹಿಡಿದು ನಿಲ್ಲುವ ಆಟ. ಚೈನ್‌ನಲ್ಲಿ ಕಾರ್ನರ್‌ನವಳು ಪಕ್ಕದವಳ ಕೈ ಹಿಡಿದಿರುತ್ತಾಳೆ. ಬೆವರಿಗೆ ಜಾರಬಾರದೆಂದು ಮಣಿಕಟ್ಟಿಗೆ ಬೆರಳು ಬಿಗಿದಿರುತ್ತಾಳೆ, ರೈಡರ್ ಎತ್ತ ವಾಲಿದಳೆಂದು ಮಾತಿಲ್ಲದೆ ಒಂದು ಒತ್ತಿನಲ್ಲಿ ಹೇಳುತ್ತಾಳೆ. ಸಾವಿರ ಜನ ಗ್ಯಾಲರಿಯಲ್ಲಿ ಕೂತು ಅದನ್ನು ನೋಡುತ್ತಾರೆ, ಶಿಳ್ಳೆ ಹಾಕುತ್ತಾರೆ. ಅದೇ ಇಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಒಂದಡಿ ಅಂತರ ಬಿಟ್ಟು ನಿಲ್ಲುತ್ತಾರೆ. ಈ ಎರಡು ಜಾಗಗಳ ನಡುವಿನ ದೂರವನ್ನು ಬರೆಯಬಲ್ಲವರು ಇದ್ದರೆ ಬೇರೆ ಕಥಾವಸ್ತುವೇ ಬೇಡ.

ಮನೆಯವರು ಖಳರಾಗುವುದು ಹಳೇ ಚಾಳಿ. ಕ್ರೀಡಾ ಕೋಟಾದಲ್ಲಿ ರೈಲ್ವೆಯೋ ಪೊಲೀಸ್ ಇಲಾಖೆಯೋ ಕೆಲಸ ಕೊಡುವವರೆಗೆ ಮಗಳ ಆಟ ಮನೆಗೆ ಖರ್ಚು, ಸಿಕ್ಕ ಮರುದಿನ ಆದಾಯ. ಈ ಲೆಕ್ಕದಲ್ಲಿ ಬದುಕುವ ಅಪ್ಪ ಅಮ್ಮನಿಗೆ ಮಗಳ ಮಂಡಿ ಹೋದರೆ ಏನಾಗುತ್ತದೆಂದು ಬರೆದರೆ ಸಾಕು, ಮೀಸೆ ತಿರುವಿಸಬೇಕಾಗಿಲ್ಲ.

ಕೊನೆಯ ಪಂದ್ಯದ ಬಗ್ಗೆ. ಒಂದು ಅಂಕದ ಫೈನಲ್ ಸಿನಿಮೀಯ ಅಂತ ಹೇಳುವಂತಿಲ್ಲ, 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ನಮ್ಮ ಮಹಿಳೆಯರು ಚೈನೀಸ್ ತೈಪೆಯನ್ನು ಸೋಲಿಸಿದ್ದು 26-25ರಲ್ಲಿ. ಅದಕ್ಕೂ ಹಿಂದಿನ ಕೂಟದಲ್ಲಿ, 2018ರ ಜಕಾರ್ತದಲ್ಲಿ, ಇರಾನ್‌ಗೆ 24-27ರಿಂದ ಸೋತಿದ್ದರು. ಆದರೂ ನಿಮ್ಮ ಕಥೆಗೆ ಫೈನಲ್ ಬೇಡ. ಲೀಗ್ ಹಂತದ, ಗೆದ್ದರೂ ಸೋತರೂ ವ್ಯತ್ಯಾಸವಾಗದ ಒಂದು ಪಂದ್ಯ ಸಾಕು. ಅವಳ ಕಡೆ ಅಂಗಣದಲ್ಲಿ ಮೂವರೇ ಉಳಿದಿರಲಿ. ಆಗ ರೈಡರ್ ಸಿಕ್ಕರೆ ಸೂಪರ್ ಟ್ಯಾಕಲ್, ಎರಡು ಅಂಕ. ಎದುರಾಳಿಯ ಹಿಂದಿನ ಎರಡು ರೈಡ್ ಖಾಲಿ ಹೋಗಿರಲಿ, ಪ್ರೊ ಕಬಡ್ಡಿಯಲ್ಲಿ ಬರುವ ಹಾಗೆ ಇದು ಡು ಆರ್ ಡೈ. ರೈಡರ್‌ಗೆ 30 ಸೆಕೆಂಡು, ಮುಟ್ಟದೆ ವಾಪಸು ಹೋದರೆ ಅವಳೇ ಔಟ್. ಕವರ್‌ನಲ್ಲಿರುವ ನಮ್ಮವಳು ದುಡುಕಿ ಹಾರಬೇಕಾಗಿಲ್ಲ, ಕಾಯಬೇಕು, ಅದೂ ಆ ಮಂಡಿಯ ಮೇಲೆ ಭಾರ ಹಾಕಿ. ಅವಳು ಹಿಡಿದರೂ ಸರಿ, ಬಿಟ್ಟರೂ ಸರಿ. ಮ್ಯಾಟಿನವನು ಆಗ ಅಲ್ಲಿ ನೋಡುತ್ತಾ ನಿಂತಿರಲೇಬೇಕೆಂದಿಲ್ಲ, ಅವನಿಗೆ ಬೇರೆ ಊರಿನಲ್ಲಿ ಬಾಡಿಗೆ ಇರಬಹುದು.